ಹಾಡುವವಳು ಪರದೆ ಬರೆದಳು



ಮಾತನಾಡುವ, ಹಾಡುವ, ಬಣ್ಣಬಣ್ಣದ ಪುಟ್ಟ ಕುದುರೆಗಳ ಒಂದು ಕಾರ್ಟೂನ್ ಧಾರಾವಾಹಿ. ಅದರಲ್ಲೊಂದು ಶಾಲೆ, ಆ ಶಾಲೆಯಲ್ಲೊಂದು ಪ್ರತಿಭಾ ಸ್ಪರ್ಧೆ. ಇದನ್ನು ಕುರಿತು ದೊಡ್ಡವರು ಸೇರಿ ಮಾತನಾಡುವಂಥದ್ದು ಏನಿದೆ ಎಂಬ ಪ್ರಶ್ನೆ ಏಳುವುದು ಸಹಜ. ಮಕ್ಕಳ ಜೊತೆ ಕುಳಿತು ಆ ಕಂತನ್ನು ಪೂರ್ತಿ ನೋಡಿದ ತಂದೆತಾಯಂದಿರು ಮಾತ್ರ ಹಾಗೆ ಕೇಳಲಾರರು. ಅದರಲ್ಲಿ ಮೂರು ಮಕ್ಕಳು ತಮಗೆ ಬರುವುದನ್ನು ಬಿಟ್ಟು, ಬಾರದ್ದನ್ನು ವೇದಿಕೆಗೆ ತರುತ್ತವೆ. ಅದಕ್ಕೆ ಬಹುಮಾನವೂ ಬರುತ್ತದೆ. ತೊಡಕಿರುವುದು ಆ ಬಹುಮಾನದಲ್ಲಿಯೇ.

ಧಾರಾವಾಹಿಯ ಹೆಸರು ‘ಮೈ ಲಿಟಲ್ ಪೋನಿ: ಫ್ರೆಂಡ್‌ಶಿಪ್ ಈಸ್ ಮ್ಯಾಜಿಕ್’. ಅಮೆರಿಕದ ‘ಹಬ್’ ಚಾನೆಲ್‌ನಲ್ಲಿ 2010ರ ಅಕ್ಟೋಬರ್ 10ರಂದು ಆರಂಭವಾಗಿ 2019ರವರೆಗೆ ಒಂಬತ್ತು ಸರಣಿಗಳಲ್ಲಿ 222 ಕಂತುಗಳನ್ನು ಕಂಡಿತು. ಹ್ಯಾಸ್ಬ್ರೊ ಆಟಿಕೆ ಕಂಪನಿ 1980ರ ದಶಕದಿಂದ ಮಾರುತ್ತಿದ್ದ ಕುದುರೆ ಬೊಂಬೆಗಳಿಗೆ ಹೊಸ ಕಥೆ ಕಟ್ಟಿಕೊಟ್ಟವರು ಲಾರೆನ್ ಫೌಸ್ಟ್. ಹಾಡುಗಳು ಡೇನಿಯಲ್ ಇಂಗ್ರಾಮ್ ಅವರವು. ನಮ್ಮ ಕಂಪನಿ ನಾಟಕಗಳಲ್ಲಿ ಪಾತ್ರಗಳು ಮಾತಿನ ನಡುವೆ ಹಾಡಿಗೆ ಜಾರುತ್ತಿದ್ದಂತೆಯೇ ಇಲ್ಲಿನ ಕುದುರೆಗಳೂ ಹಾಡಿಗೆ ಜಾರುತ್ತವೆ.

ಈ ಕುದುರೆಗಳ ನಾಡಾದ ಈಕ್ವೆಸ್ಟ್ರಿಯಾದಲ್ಲಿ ಒಂದು ವಿಚಿತ್ರ ನಿಯಮವುಂಟು. ಪ್ರತಿಯೊಂದು ಮರಿಯೂ ತನ್ನ ವಿಶೇಷ ಶಕ್ತಿ ಯಾವುದೆಂದು ಕಂಡುಕೊಂಡ ಕ್ಷಣದಲ್ಲಿ ಅದರ ತೊಡೆಯ ಮೇಲೆ ತಾನೇ ತಾನಾಗಿ ಒಂದು ಚಿತ್ರ ಮೂಡುತ್ತದೆ. ಇದಕ್ಕೆ ‘ಕ್ಯೂಟಿ ಮಾರ್ಕ್’ ಎಂದು ಹೆಸರು. ಹಳೆಯ ಬೊಂಬೆಗಳ ತೊಡೆಯ ಮೇಲೂ ಇಂಥ ಚಿತ್ರಗಳಿದ್ದವು. ಒಂದು ಬೊಂಬೆ ಇನ್ನೊಂದರಂತಲ್ಲ ಎಂದು ತೋರಿಸಿದರೆ ಮಗು ಇನ್ನೊಂದನ್ನೂ ಕೇಳುತ್ತದೆ; ವ್ಯಾಪಾರಕ್ಕೆ ಅಷ್ಟು ಸಾಕು. ಆದರೆ ಧಾರಾವಾಹಿ ಆ ಅಂಗಡಿ ಗುರುತನ್ನೇ ಬಾಲ್ಯದ ದೊಡ್ಡದೊಂದು ಆತಂಕವನ್ನಾಗಿ ಮಾಡಿಬಿಟ್ಟಿತು. ಓರಗೆಯವರಿಗೆಲ್ಲ ಗುರುತು ಮೂಡಿ ತನಗೊಬ್ಬಳಿಗೇ ಮೂಡದಿದ್ದರೆ? 2011ರ ಜನವರಿಯ ಕಂತೊಂದರಲ್ಲಿ ಹೀಗೆ ಗೇಲಿಗೆ ಗುರಿಯಾದ ಆ್ಯಪಲ್ ಬ್ಲೂಮ್ ಎಂಬ ಮರಿಗೆ ತನ್ನಂತೆಯೇ ಬರಿತೊಡೆಯ ಇನ್ನಿಬ್ಬರು ಸಿಗುತ್ತಾರೆ: ಸ್ವೀಟಿ ಬೆಲ್ ಮತ್ತು ಸ್ಕೂಟಲೂ. ಮೂವರೂ ಸೇರಿ ಗುರುತು ಹುಡುಕುವ ಸಂಘವೊಂದನ್ನು ಕಟ್ಟುತ್ತಾರೆ.

ಪ್ರತಿಭಾ ಸ್ಪರ್ಧೆ ಬರುವುದು ಅದೇ ವರ್ಷದ ಮಾರ್ಚ್ 4ರಂದು ಪ್ರಸಾರವಾದ ‘ದಿ ಶೋ ಸ್ಟಾಪರ್ಸ್’ ಕಂತಿನಲ್ಲಿ. ಸಂಘದ ಕಚೇರಿಗೆಂದು ಅವರಿಗೆ ಮರದ ಮೇಲಿನ ಪಾಳುಬಿದ್ದ ಗುಡಿಸಲೊಂದು ಸಿಗುತ್ತದೆ. ಆ್ಯಪಲ್ ಬ್ಲೂಮ್ ಅದನ್ನು ಬಡಗಿಯ ಕೈಚಳಕದಿಂದ ಹೊಸದರಂತೆ ಮಾಡಿಬಿಡುತ್ತಾಳೆ. ಸ್ವೀಟಿ ಬೆಲ್ ಸಂಘಕ್ಕೊಂದು ಹಾಡು ಕಟ್ಟಿ ಇಂಪಾಗಿ ಹಾಡುತ್ತಾಳೆ. ಸ್ಕೂಟಲೂ ತಳ್ಳುಬಂಡಿಯಂಥ ಸ್ಕೂಟರ್ ಮೇಲೆ ಕಸರತ್ತು ಮಾಡುತ್ತಾಳೆ. ಉತ್ತರ ನೋಡುಗರ ಕಣ್ಣ ಮುಂದೆಯೇ ಇದೆ. ಆ ಮೂವರಿಗೆ ಮಾತ್ರ ಅದು ಉತ್ತರವಾಗಿ ಕಾಣುವುದಿಲ್ಲ. ಮೈಕು ಇಲ್ಲ, ಪರದೆ ಇಲ್ಲ, ಚಪ್ಪಾಳೆ ಇಲ್ಲ. ಹಾಗಾದರೆ ಅದು ಪ್ರತಿಭೆಯಾಗುವುದು ಹೇಗೆ?

ಶಾಲೆಯ ಸ್ಪರ್ಧೆಯ ಸುದ್ದಿ ಬಂದದ್ದೇ ತಡ, ಕೆಲಸ ಹಂಚಿಕೊಳ್ಳುತ್ತಾರೆ. ಹಾಡಬೇಕಾದ ಸ್ವೀಟಿ ಬೆಲ್ ಜನರೆದುರು ಹಾಡಲು ಅಂಜಿ, ದರ್ಜಿ ಅಕ್ಕ ರ‍್ಯಾರಿಟಿಯಂತಾಗಲು ವೇಷಭೂಷಣ ಮತ್ತು ಪರದೆಯ ಕೆಲಸ ಹಿಡಿಯುತ್ತಾಳೆ. ಮೈ ಹೇಳಿದಂತೆ ಕೇಳುವ ಸ್ಕೂಟಲೂ ಹಾಡುಗಾರ್ತಿಯಾಗುತ್ತಾಳೆ. ಬಡಗಿ ಆ್ಯಪಲ್ ಬ್ಲೂಮ್ ಕುಣಿತಕ್ಕೆ ನಿಲ್ಲುತ್ತಾಳೆ. ತಯಾರಿಯಲ್ಲಿ ಒಬ್ಬಳಿಗೆ ತೊಡಕಾದದ್ದನ್ನು ಇನ್ನೊಬ್ಬಳು ಸಲೀಸಾಗಿ ಮಾಡಿ ತೋರಿಸಿದರೂ ಯಾರಿಗೂ ಸುಳಿವು ಹತ್ತುವುದಿಲ್ಲ. ಅಂದು ವೇದಿಕೆಯ ಮೇಲೆ ಆಗುವುದನ್ನು ಊಹಿಸುವುದು ಕಷ್ಟವೇನಲ್ಲ. ಸ್ವರ ತಪ್ಪುತ್ತದೆ, ಹೆಜ್ಜೆ ತಪ್ಪುತ್ತದೆ, ಕೊನೆಗೆ ರಂಗಸಜ್ಜಿಕೆಯೇ ಕುಸಿಯುತ್ತದೆ. ಒಂದು ಕ್ಷಣ ಮೌನ. ಆಮೇಲೆ ಇಡೀ ಸಭೆ ಬಿದ್ದು ಬಿದ್ದು ನಗುತ್ತದೆ.

ಸ್ವಾರಸ್ಯದ ಸಂಗತಿ ಇನ್ನೂ ಮುಂದಿದೆ. ಅಳುಮೋರೆ ಹಾಕಿ ತೆರೆಮರೆಗೆ ಸರಿದವರನ್ನು ಮತ್ತೆ ವೇದಿಕೆಗೆ ಕರೆದು ‘ಅತ್ಯುತ್ತಮ ಹಾಸ್ಯ’ದ ಬಹುಮಾನ ಕೊಡಲಾಗುತ್ತದೆ. ಇದರಿಂದ ಏನು ಕಲಿತಿರಿ ಎಂದು ಹಿರಿಯಳಾದ ಟ್ವಿಲೈಟ್ ಕೇಳಿದಾಗ, ತಮಗೆ ಒಗ್ಗದ್ದನ್ನು ಮಾಡಹೋಗಬಾರದು, ನಿಜವಾದ ಶಕ್ತಿಯನ್ನು ಅಪ್ಪಿಕೊಳ್ಳಬೇಕು ಎನ್ನುತ್ತಾರೆ. ಟ್ವಿಲೈಟ್ ಆಸೆಯಿಂದ ಕಾಯುತ್ತಾಳೆ. ಆ ಶಕ್ತಿ ಯಾವುದೆಂದರೆ, ಮೂವರೂ ಒಕ್ಕೊರಲಿನಿಂದ ಹೇಳುವುದು: ಹಾಸ್ಯ!

ನೋಡುವಾಗ ನಗು ಬರುವುದು ನಿಜ. ಆದರೆ ಯೋಚಿಸಿ: ತೀರ್ಪುಗಾರರ ಕರುಣೆ ಆ ಮಕ್ಕಳ ತಪ್ಪನ್ನು ತಿದ್ದಲಿಲ್ಲ, ಅದಕ್ಕೆ ಮುದ್ರೆಯೊತ್ತಿತು. ಗೇಲಿ ಮಾಡಿದ್ದರೆ ಅವರು ಬೇರೆ ದಾರಿ ಹುಡುಕುತ್ತಿದ್ದರೇನೋ. ಬಹುಮಾನ ಬಂದಮೇಲೆ ಹುಡುಕುವ ಅಗತ್ಯವೇ ಉಳಿಯಲಿಲ್ಲ.

ಕಂತು ಪ್ರಸಾರವಾಗುವ ಹೊತ್ತಿಗೆ ಅಮೆರಿಕದ ನೋಡುಗರಿಗೆ ಇಂಥ ನಗೆ ಹೊಸದಾಗಿರಲಿಲ್ಲ. 1930ರ ದಶಕದಲ್ಲಿ ಮೇಜರ್ ಬೋವ್ಸ್ ನಡೆಸುತ್ತಿದ್ದ ರೇಡಿಯೊ ಸ್ಪರ್ಧೆಯಲ್ಲಿ ಹಾಡು ಹಿಡಿಸದಿದ್ದರೆ ಜಾಗಟೆ ಬಾರಿಸಿ ನಿಲ್ಲಿಸುತ್ತಿದ್ದರು. 2002ರಲ್ಲಿ ಆರಂಭವಾದ ‘ಅಮೆರಿಕನ್ ಐಡಲ್’ ಆಯ್ಕೆಯ ಹಂತದಲ್ಲಿ ಎಡವಿದವರನ್ನೂ ಟಿ.ವಿ.ಯಲ್ಲಿ ತೋರಿಸಿತು. 2004ರಲ್ಲಿ ವಿಲಿಯಂ ಹಂಗ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿ ಅಲ್ಲಿ ತಿರಸ್ಕೃತನಾಗಿಯೇ ಮನೆಮಾತಾದ. ಅದೇ ವರ್ಷ ಅವನ ಹಾಡುಗಳ ಆಲ್ಬಂ ಕೂಡ ಹೊರಬಂತು. ಪೋನಿವಿಲ್ ಎಂಬ ಆ ಕಾಲ್ಪನಿಕ ಊರಿನ ಸಭಾಂಗಣದ ನಗು ಟಿ.ವಿ.ಯ ಈ ನಗೆಗಿಂತ ಮೃದು, ಆದರೆ ಅದೇ ಜಾತಿಯದು.

ವೇದಿಕೆ ಯಾವಾಗಲೂ ದಾರಿ ತಪ್ಪಿಸುತ್ತದೆಯೆಂದು ಇದರ ಅರ್ಥವಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ 1934ರ ನವೆಂಬರ್ 21ರ ರಾತ್ರಿ ಹವ್ಯಾಸಿಗಳ ಸ್ಪರ್ಧೆಗೆ 17 ವರ್ಷದ ಬಡ ಹುಡುಗಿಯೊಬ್ಬಳು ಬಂದಿದ್ದಳು. ಕುಣಿಯಬೇಕೆಂಬುದು ಅವಳ ಉದ್ದೇಶ. ಅಂದು ಎಡ್ವರ್ಡ್ಸ್ ಸೋದರಿಯರ ನೃತ್ಯ ನೋಡಿದ ಮೇಲೆ ಅವಳಿಗೆ ಧೈರ್ಯ ಸಾಲಲಿಲ್ಲ. ವೇದಿಕೆಗೆ ಬಂದಾಗಿದೆ, ಏನಾದರೂ ಮಾಡಲೇಬೇಕಲ್ಲ ಎಂದು ಹಾಡಿದಳು. 25 ಡಾಲರ್‌ಗಳ ಮೊದಲ ಬಹುಮಾನ ಅವಳಿಗೇ ಬಂತು. ಆಕೆ ಎಲ್ಲಾ ಫಿಟ್ಜೆರಾಲ್ಡ್, ಮುಂದೆ ಜಾಝ್ ಗಾಯನದ ಮಹಾರಾಣಿ. ಕುಣಿಯುವುದನ್ನು ಬಿಡುವಷ್ಟು ಅಂಜಿಕೆ ಅಂದು ಅವಳನ್ನು ಕಾಡಿತು. ಸ್ವೀಟಿ ಬೆಲ್‌ಗೆ ಕಾಡಿದ ಅಂಜಿಕೆ ಹಾಡುವುದನ್ನೇ ಬಿಡಿಸಿತು.

ಮಾತಿನ ಮೂಲಕ್ಕೆ ಹೋದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಇಂಗ್ಲಿಷಿನ ‘ಟ್ಯಾಲೆಂಟ್’ ಗ್ರೀಕ್ ಭಾಷೆಯಲ್ಲಿ ತಕ್ಕಡಿ ಹಾಗೂ ತೂಕದ ಹೆಸರು, ಆ ಮೇಲೆ ಅಷ್ಟು ತೂಕದ ಬೆಳ್ಳಿಯ ಹೆಸರು. ಕನ್ನಡ ಬೈಬಲ್ ಓದಿದವರಿಗೆ ‘ತಲಾಂತು’ ಪರಿಚಿತ ಪದ. ಮತ್ತಾಯನ ಸುವಾರ್ತೆಯಲ್ಲಿ ಧಣಿ ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಂಚಿ ಹೋಗುತ್ತಾನೆ. ಒಬ್ಬ ತನ್ನ ಪಾಲನ್ನು ನೆಲದಲ್ಲಿ ಹೂತಿಡುತ್ತಾನೆ. ಹುಟ್ಟಿನಿಂದ ಬಂದ ಸಾಮರ್ಥ್ಯ ಎಂಬ ಅರ್ಥ ಬೆಳೆದದ್ದು ಈ ದೃಷ್ಟಾಂತದಿಂದ. ನಮ್ಮ ‘ಪ್ರತಿಭೆ’ಯ ಮೂಲವಾದರೋ ಹೊಳೆಯುವುದು ಎಂಬರ್ಥದ ‘ಭಾ’ ಧಾತು. ಅಭಿನವಗುಪ್ತನ ಗುರು ಭಟ್ಟತೌತ ಅದನ್ನು ಹೊಸಹೊಸದಾಗಿ ಅರಳುವ ಪ್ರಜ್ಞೆ ಎಂದು ಬಗೆದ. ತಲಾಂತನ್ನು ತೂಗಬಹುದು. ಹೊಳೆದದ್ದನ್ನು ತೂಗುವುದು ಹೇಗೆ? ‘ಪ್ರತಿಭಾ ಸ್ಪರ್ಧೆ’ ಎಂಬ ಜೋಡುಪದದಲ್ಲಿ ಈ ಎರಡು ಲೋಕಗಳೂ ಒಂದೇ ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತಿವೆ.

ಆ ಮೂವರ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2013ರ ಕಂತೊಂದರಲ್ಲಿ ಊರಿನ ಬಾವುಟ ಹಿಡಿಯುವವರ ಆಯ್ಕೆಗೆ ಅವರು ಮತ್ತೆ ಸ್ಪರ್ಧಿಸುತ್ತಾರೆ. ಸ್ಕೂಟಲೂಗೆ ರೆಕ್ಕೆಯಿದ್ದರೂ ಹಾರಲು ಬಾರದು. ಅದನ್ನು ಆಡಿಕೊಂಡವರ ಮಾತಿಗೆ ನೊಂದು ಹಾರಿಯೇ ತೀರುತ್ತೇನೆಂದು ಹೊರಟು, ಚೆನ್ನಾಗಿ ಬರುತ್ತಿದ್ದ ತಾಲೀಮನ್ನೂ ಕೆಡಿಸಿಕೊಳ್ಳುತ್ತಾಳೆ. ಕೊನೆಗೆ ಹಾರಾಟದ ಹಟ ಬಿಟ್ಟು ಮೊದಲಿನಂತೆಯೇ ಆಡಿ ತೋರಿಸಿದಾಗ ಗೆಲುವು ಅವರದಾಗುತ್ತದೆ. ಆದರೂ ಗುರುತು ಮೂಡಲಿಲ್ಲ. ಕಥೆ ಬರೆದವರು ಇಲ್ಲಿ ಗಟ್ಟಿ ನಿಂತರು ಎನ್ನಬೇಕು. ಗೆದ್ದ ಕೂಡಲೇ ಗುರುತು ಕೊಟ್ಟುಬಿಡುವುದು ಸುಲಭವಾಗಿತ್ತು.

ಅದು ಮೂಡಿದ್ದು 2015ರ ಅಕ್ಟೋಬರ್ 10ರ ಕಂತಿನಲ್ಲಿ, ಆ ಹಾಸ್ಯದ ಬಹುಮಾನ ಬಂದು ನಾಲ್ಕೂವರೆ ವರ್ಷಗಳ ಮೇಲೆ. ಮೊದಲ ಕಂತು ನೋಡಿದಾಗ ಐದು ವರ್ಷವಾಗಿದ್ದ ಮಗುವಿಗೆ ಆಗ ಹತ್ತು. ಈ ಸಲ ವೇದಿಕೆಯಿಲ್ಲ, ತೀರ್ಪುಗಾರರಿಲ್ಲ. ಬಹುಕಾಲ ತಮ್ಮನ್ನು ಗೇಲಿ ಮಾಡಿದ್ದ ಡೈಮಂಡ್ ಟಿಯಾರಾ ಎಂಬ ಸಹಪಾಠಿ ಶಾಲೆಯ ಚುನಾವಣೆಯಲ್ಲಿ ಸೋತು, ತಾಯಿಯ ಬಿರುನುಡಿಗೆ ಕುಗ್ಗಿ ನಿಂತಿರುತ್ತಾಳೆ. ಮೂವರೂ ಅವಳ ಬೆನ್ನಿಗೆ ನಿಲ್ಲುತ್ತಾರೆ. ಗುರುತಿನ ಹುಡುಕಾಟವನ್ನು ಬದಿಗಿಟ್ಟು, ಇತರರಿಗೆ ಅವರ ಗುರುತಿನ ಅರ್ಥ ತಿಳಿಸಿಕೊಡುವುದೇ ತಮ್ಮ ಕೆಲಸ ಎಂದುಕೊಂಡ ಹೊತ್ತಿನಲ್ಲಿ ಮೂವರ ತೊಡೆಯ ಮೇಲೂ ಒಟ್ಟಿಗೆ ಚಿತ್ರ ಮೂಡುತ್ತದೆ. ಮೂವರದೂ ಒಂದೇ ಬಗೆಯ ಗುರಾಣಿ. ಒಳಗಿನ ಚಿತ್ರ ಮಾತ್ರ ಬೇರೆ ಬೇರೆ: ಆ್ಯಪಲ್ ಬ್ಲೂಮ್‌ಗೆ ಸೇಬು, ಹಾರಲಾರದ ಸ್ಕೂಟಲೂಗೆ ರೆಕ್ಕೆ. ಅಂದು ಹಾಡದೆ ಪರದೆ ಬರೆದ ಸ್ವೀಟಿ ಬೆಲ್‌ಗೆ ನಕ್ಷತ್ರ, ಅದರೊಳಗೆ ಸಂಗೀತದ ಒಂದು ಸ್ವರಚಿಹ್ನೆ.