ಹೆಸರು ಉಳಿಯಿತು, ತಂಡ ಉಳಿಯಿತೆ?

(ದೇವನಹಳ್ಳಿಯಲ್ಲಿ ಪಾಶ್ಚಾತ್ಯ ಸಂಗೀತ ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)

ನಾಟಕದ ಕಂಪನಿಯೊಂದರ ನಟರು ಜಗಳವಾಡಿಕೊಂಡು ಚದುರಿಹೋದರು ಎಂದಿಟ್ಟುಕೊಳ್ಳಿ. ಕಂಪನಿಯ ಹೆಸರು ಒಬ್ಬನ ಕೈಯಲ್ಲಿ ಉಳಿಯಿತು. ಆತ ಹೊಸ ನಟರನ್ನು ಕೂಡಿಸಿಕೊಂಡು ವರ್ಷಗಟ್ಟಲೆ ತಾಲೀಮು ಮಾಡಿಸಿ, ಹಳೆಯ ಹೆಸರಿನಲ್ಲೇ ಹೊಸ ನಾಟಕ ಆಡಿಸಿದ. ಟಿಕೆಟ್ ಕೊಂಡವರು ನೋಡಿದ್ದು ಅದೇ ಕಂಪನಿಯನ್ನೋ, ಬೇರೊಂದನ್ನೋ?

ಅಮೆರಿಕದ ಗನ್ಸ್ ಎನ್ ರೋಸಸ್ ಎಂಬ ರಾಕ್ ತಂಡದ ಮಟ್ಟಿಗೆ ಇದು ಬರೀ ಊಹೆಯ ಪ್ರಶ್ನೆಯಲ್ಲ. ಈ ತಂಡ ಭಾರತದಲ್ಲಿ ಮೊಟ್ಟಮೊದಲು ಹಾಡಿದ್ದು 2012ರ ಡಿಸೆಂಬರ್ 7ರಂದು, ಬೆಂಗಳೂರಿನ ಭಾರತೀಯ ಸಿಟಿಯಲ್ಲಿ. ತಣಿಸಂದ್ರದ ಕಡೆಯ ಆ ಜಾಗ ದೇವನಹಳ್ಳಿಯವರಿಗೆ ನಗರದ ಹೊಸ್ತಿಲಿನಲ್ಲೇ ಇದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ, ವಿಮಾನದಲ್ಲಿ ಬರುವ ಹೊರದೇಶದ ಕಲಾವಿದರು ಬೆಂಗಳೂರಿಗೆ ಮುನ್ನ ಕಾಲಿಡುವುದೂ ಈ ತಾಲ್ಲೂಕಿನ ಮಣ್ಣಿನಲ್ಲೇ. ಆ ರಾತ್ರಿ ವೇದಿಕೆಯ ಮೇಲೆ ಎಂಟು ಮಂದಿ ಇದ್ದರು. ತಂಡಕ್ಕೆ ಹೆಸರು ತಂದ 1987ರ ಮೊದಲ ಆಲ್ಬಮ್ಮಿನಲ್ಲಿ ಇದ್ದವರು ಅವರಲ್ಲಿ ಒಬ್ಬರೇ, ಗಾಯಕ ಆಕ್ಸಲ್ ರೋಸ್.

ಇದು ಅರ್ಥವಾಗಬೇಕಾದರೆ ಗ್ಲಾಮ್ ರಾಕ್ ಎಂದರೇನೆಂದು ತಿಳಿಯಬೇಕು. 1971ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕೆನ್ನೆಗೆ ಮಿನುಗುಪುಡಿ ಹಚ್ಚಿಕೊಂಡು ದೂರದರ್ಶನದಲ್ಲಿ ಹಾಡಿದ. ಮರುವರ್ಷ ಡೇವಿಡ್ ಬೋವಿ ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ವೇಷ ಕಟ್ಟಿ, ಹಾಡುಗಾರನೇ ಒಂದು ಪಾತ್ರವಾದ. ಎತ್ತರದ ಹಿಮ್ಮಡಿಯ ಬೂಟು, ಜರಿಯ ಅಂಗಿ, ತುಟಿಗೆ ಬಣ್ಣ. ಗಂಡಸು ಬಣ್ಣ ಹಚ್ಚಿಕೊಂಡದ್ದು ಲಂಡನ್ನಿಗೆ ದೊಡ್ಡ ಸುದ್ದಿಯಾಯಿತು. ಸ್ತ್ರೀಪಾರ್ಟಿನ ನಟರಿಗೆ ಚಪ್ಪಾಳೆ ತಟ್ಟಿದ ಕನ್ನಡ ನಾಡಿನಲ್ಲಿ ಅದು ಸುದ್ದಿಯೇ ಅಲ್ಲ! ಈ ಬಣ್ಣ ನ್ಯೂಯಾರ್ಕ್ ಡಾಲ್ಸ್ ತಂಡದ ಮೂಲಕ ಅಮೆರಿಕದಲ್ಲೂ ಅಂಟಿತು. 1980ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಸನ್‌ಸೆಟ್ ಸ್ಟ್ರಿಪ್ ಬೀದಿಯ ಕ್ಲಬ್ಬುಗಳಲ್ಲಿ ಗಿಟಾರಿನ ಅಬ್ಬರ ಹೆಚ್ಚಿಸಿಕೊಂಡು ಗ್ಲಾಮ್ ಮೆಟಲ್ ಆಯಿತು.

ಗನ್ಸ್ ಎನ್ ರೋಸಸ್ 1985ರಲ್ಲಿ ಹುಟ್ಟಿದ್ದು ಅದೇ ಬೀದಿಯಲ್ಲಿ. ಮೊದಮೊದಲು ಇವರೂ ಕೂದಲು ಕೆದರಿ ಬಣ್ಣ ಬಳಿದುಕೊಂಡವರೇ. ಆದರೆ ಅವರ ಹಾಡಿನಲ್ಲಿ ಮಿನುಗಿಗಿಂತ ಬೀದಿಯ ಕೊಳೆ ಹೆಚ್ಚು. ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ 1987ರ ಜುಲೈಯಲ್ಲಿ ಬಂತು. ಮೊದಲು ನಿಧಾನವಾಗಿ ಮಾರಾಟವಾಗಿ, ಮರುವರ್ಷ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸ್ಲ್ಯಾಶ್ ಗಿಟಾರ್ ಎತ್ತಿಕೊಂಡರೆ ಇಜ್ಜಿ ಸ್ಟ್ರಾಡ್ಲಿನ್ ಅದಕ್ಕೆ ಒತ್ತು ಕೊಡುತ್ತಿದ್ದ. ಡಫ್ ಮೆಕೇಗನ್‌ನ ಬೇಸ್, ಸ್ಟೀವನ್ ಆಡ್ಲರ್‌ನ ಡ್ರಮ್ಸ್. ಐದು ಜನ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ಕೇಳುತ್ತ ನುಡಿಸಿದ ಸದ್ದು ಅದು.

ಆಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಆಡ್ಲರ್‌ನನ್ನು 1990ರಲ್ಲಿ ತೆಗೆದುಹಾಕಿದರು, ಇಜ್ಜಿ 1991ರಲ್ಲಿ, ಸ್ಲ್ಯಾಶ್ 1996ರಲ್ಲಿ, ಡಫ್ ಮರುವರ್ಷ ಹೊರಟುಹೋದರು. ಅಷ್ಟರಲ್ಲಿ ಹೆಸರಿನ ಹಕ್ಕು ಕಾನೂನಿನ ಪ್ರಕಾರ ರೋಸ್ ಕೈ ಸೇರಿತ್ತು.

ಹೆಸರಿದ್ದ ಮೇಲೆ ಆಲ್ಬಮ್ ಬೇಕಲ್ಲ. ‘ಚೈನೀಸ್ ಡೆಮಾಕ್ರಸಿ’ಯ ಕತೆ ಇಲ್ಲಿಂದ ಶುರು. ಒಂದು ಸ್ಟುಡಿಯೊದಿಂದ ಇನ್ನೊಂದಕ್ಕೆ, ಒಬ್ಬ ನಿರ್ಮಾಪಕನಿಂದ ಮತ್ತೊಬ್ಬನಿಗೆ ಕೆಲಸ ದಾಟುತ್ತ ಹೋಯಿತು. ಗಿಟಾರ್ ವಾದಕ ಬಕೆಟ್‌ಹೆಡ್‌ಗಾಗಿ ಸ್ಟುಡಿಯೊದೊಳಗೆ ಕೋಳಿಗೂಡನ್ನೇ ಕಟ್ಟಿಸಲಾಗಿತ್ತು. ಖರ್ಚು 1 ಕೋಟಿ 30 ಲಕ್ಷ ಡಾಲರ್ ಮುಟ್ಟಿದೆ ಎಂದು 2005ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಾಗಲೂ ಆಲ್ಬಮ್ಮಿನ ಸುಳಿವಿರಲಿಲ್ಲ. ಡಾಕ್ಟರ್ ಪೆಪ್ಪರ್ ಎಂಬ ತಂಪು ಪಾನೀಯದ ಕಂಪನಿ, 2008ರೊಳಗೆ ಈ ಆಲ್ಬಮ್ ಬಂದರೆ ಅಮೆರಿಕದ ಪ್ರಜೆಗಳಿಗೆಲ್ಲ ಒಂದೊಂದು ಡಬ್ಬಿ ಪುಕ್ಕಟೆ ಎಂದು ಗೇಲಿ ಮಾಡಿತು. ಆಲ್ಬಮ್ 2008ರ ನವೆಂಬರ್ 23ರಂದು ಬಂದೇಬಿಟ್ಟಿತು. ಕೂಪನ್ ಪಡೆಯಲು ಜನ ಮುಗಿಬಿದ್ದು ಕಂಪನಿಯ ವೆಬ್‌ಸೈಟ್ ಕುಸಿಯಿತು. ತಂಡದ ಸ್ವಂತ ಹಾಡುಗಳ ಹಿಂದಿನ ಆಲ್ಬಮ್ಮುಗಳು ಬಂದು ಆಗ 17 ವರ್ಷ.

ಆಲ್ಬಮ್ ಕೆಟ್ಟದ್ದೆ? ಅಲ್ಲ. ‘ಬೆಟರ್’, ‘ದೇರ್ ವಾಸ್ ಎ ಟೈಮ್’ ಹಾಡುಗಳಲ್ಲಿ ರೋಸ್‌ನ ಕಂಠ, ಅಳುವಿನಿಂದ ಕಿರುಚಿಗೆ ಹಾರುವ ಆ ಹಳೆಯ ಕಂಠ, ಹಾಗೆಯೇ ಇದೆ. ತೊಂದರೆ ಇರುವುದು ಸುತ್ತಲಿನ ಸದ್ದಿನಲ್ಲಿ. ಒಂದೇ ಹಾಡಿಗೆ ಹಲವು ವಾದಕರು ಬೇರೆ ಬೇರೆ ವರ್ಷಗಳಲ್ಲಿ ನುಡಿಸಿದ್ದನ್ನು ಪದರದ ಮೇಲೆ ಪದರವಾಗಿ ಕೂರಿಸಿದ್ದಾರೆ. ಒಂದು ವಾದ್ಯ ಇನ್ನೊಂದಕ್ಕೆ ಉತ್ತರ ಕೊಡುವುದಿಲ್ಲ. ಎಲ್ಲವೂ ಗಾಯಕನ ಅಪ್ಪಣೆಗೆ ಕಾದು ನಿಂತಂತಿವೆ. ಹಾರ್ಮೋನಿಯಂ ಮೇಷ್ಟ್ರು ಒಂದು ವರ್ಷ, ತಬಲದವನು ಮೂರು ವರ್ಷ ಬಿಟ್ಟು ನುಡಿಸಿಹೋದರೆ ರಂಗಗೀತೆ ಹೇಗಾದೀತು?

ಜನ ಬದಲಾದ ಮಾತ್ರಕ್ಕೆ ಹೆಸರು ಸುಳ್ಳಾಗುತ್ತದೆ ಎನ್ನಲು ಬರುವುದಿಲ್ಲ. ಗುಬ್ಬಿ ಕಂಪನಿಯನ್ನೇ ನೋಡಿ. ಅದು ಹುಟ್ಟಿದ್ದು 1884ರಲ್ಲಿ. ಅದರ ಹೆಸರಿನೊಂದಿಗೆ ಇಂದು ನೆನಪಾಗುವ ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅವರು ಹುಡುಗನಾಗಿ ಒಳಗೆ ಸೇರಿ, ಹಿರಿಯರ ಪಕ್ಕದಲ್ಲಿ ನಿಂತು ಕಲಿತು, ಆಮೇಲೆ ಒಡೆಯರಾದರು. ಅವರ ಕೈಕೆಳಗೆ ಮುಂದಿನವರು ಕಲಿತರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, ಮುಂದೆ ರಾಜಕುಮಾರ್ ಎನಿಸಿದ ಹುಡುಗನೂ ಅಲ್ಲಿ ಪಳಗಿದ. ಒಬ್ಬರಿಂದೊಬ್ಬರಿಗೆ ದಾಟಿದ್ದು ಹೆಸರೊಂದೇ ಅಲ್ಲ, ಮಟ್ಟು, ಅಭ್ಯಾಸ, ಬೈಗುಳ ಎಲ್ಲ ಸೇರಿಯೇ. ರೋಸ್ ತಂಡದ ಹೊಸಬರು ಸ್ಲ್ಯಾಶ್‌ನ ಪಕ್ಕದಲ್ಲಿ ಕೂತು ಕಲಿತವರಲ್ಲ, ಅವನ ಧ್ವನಿಮುದ್ರಣ ಕೇಳಿದವರು.

ಹೋಲಿಕೆಗೆ ನ್ಯೂಯಾರ್ಕ್ ಡಾಲ್ಸ್ ಸಿಗುತ್ತದೆ. ಅವರು ಮತ್ತೆ ಒಂದಾಗಿ 2004ರಲ್ಲಿ ಲಂಡನ್ನಿನಲ್ಲಿ ಹಾಡುವ ವೇಳೆಗೆ ಹಳಬರಲ್ಲಿ ಉಳಿದಿದ್ದವರು ಮೂವರೇ. ವಾರಗಳಲ್ಲಿ ಅವರೊಳಗೊಬ್ಬ, ಬೇಸ್ ವಾದಕ ಆರ್ಥರ್ ಕೇನ್, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಉಳಿದ ಇಬ್ಬರು, ಡೇವಿಡ್ ಜೊಹಾನ್ಸನ್ ಮತ್ತು ಸಿಲ್ವೇನ್ ಸಿಲ್ವೇನ್, 32 ವರ್ಷಗಳ ನಂತರ, 2006ರಲ್ಲಿ, ಹೊಸ ಆಲ್ಬಮ್ ತಂದರು. ರೋಮನ್ ಕವಿ ವರ್ಜಿಲ್‌ನ ಮಾತೊಂದನ್ನು ಅದಕ್ಕೆ ಹೆಸರಾಗಿ ಇಟ್ಟರು. ಕೋಟಿಗಟ್ಟಲೆ ಖರ್ಚಿಲ್ಲದ ಆ ಆಲ್ಬಮ್ಮಿನಲ್ಲಿ ಹರಟೆಯ ಗುಣವಿದೆ, ನಗುವಿದೆ. ಸಿಲ್ವೇನ್ 2021ರಲ್ಲಿ, ಜೊಹಾನ್ಸನ್ 2025ರಲ್ಲಿ ತೀರಿಕೊಂಡರು.

ಬೆಂಗಳೂರಿನ ಆ ರಾತ್ರಿ ಮೋಸ ನಡೆಯಿತು ಎನ್ನುವುದು ಅನ್ಯಾಯವಾದೀತು. ಯಾರಿದ್ದಾರೆ, ಯಾರಿಲ್ಲ ಎಂಬುದು ಬಂದವರಿಗೆ ಗೊತ್ತಿತ್ತು. ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಹಾಡನ್ನು ಅದೇ ಕಂಠದಿಂದ ಎದುರಿಗೆ ಕೇಳುವುದು ಸಣ್ಣ ಸಂಗತಿಯಲ್ಲ.

2016ರಲ್ಲಿ ಸ್ಲ್ಯಾಶ್, ಡಫ್ ಇಬ್ಬರೂ ಮರಳಿ ಬಂದರು. ‘ಈ ಜನ್ಮದಲ್ಲಿ ಆಗದು’ ಎಂದು ರೋಸ್ ಹಿಂದೊಮ್ಮೆ ಹೇಳಿದ್ದನ್ನೇ ಪ್ರವಾಸದ ಹೆಸರು ಮಾಡಿಕೊಂಡರು. 2025ರ ಮೇ 17ರಂದು ಅವರು ಮುಂಬೈಯಲ್ಲಿ ಹಾಡಿದರು; ಆ ಪ್ರವಾಸದಲ್ಲಿ ಬೆಂಗಳೂರು ಇರಲಿಲ್ಲ. ಇನ್ನೊಂದು ಸ್ವಾರಸ್ಯವಿದೆ. 2021ರಲ್ಲಿ, 2023ರಲ್ಲಿ ಅವರು ಬಿಡುಗಡೆ ಮಾಡಿದ ಬಿಡಿ ಹಾಡುಗಳು ‘ಚೈನೀಸ್ ಡೆಮಾಕ್ರಸಿ’ಯ ಕಾಲದಲ್ಲಿ ಮಾಡಿ ಬದಿಗಿಟ್ಟವು. ಸ್ಲ್ಯಾಶ್ ಇಲ್ಲದಾಗ ಹುಟ್ಟಿದ ಹಾಡುಗಳಿಗೆ ಸ್ಲ್ಯಾಶ್ ಬಂದು ಗಿಟಾರ್ ನುಡಿಸಿದ.