ತಿಳಿಯದಿದ್ದರೆ ಕೇಳಿರಿ
(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಕೃಪೆಯಿರಲಿ.

ಪ್ರೀತಿಯ ಸಹೋದರರೇ, ಜಾಬಿರ್(ರ) ವರದಿ ಮಾಡಿದ ಒಂದು ಘಟನೆ ಅಬೂದಾವೂದ್‌ನಲ್ಲಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಅದೇ ಹೊತ್ತಿಗೆ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುತ್ತಿರುವಾಗ ನಿಮಗೆ ರಿಯಾಯಿತಿ ಇಲ್ಲ ಎಂದು ಅವರು ಹೇಳಿಬಿಟ್ಟರು. ಆ ವ್ಯಕ್ತಿ ಸ್ನಾನ ಮಾಡಿದರು, ತೀರಿಹೋದರು. ವಿಷಯ ತಿಳಿದ ಪ್ರವಾದಿ(ಸ)ರು ಆ ಸಾವಿನ ಹೊಣೆಯನ್ನು ಉತ್ತರ ಕೊಟ್ಟವರ ಮೇಲೆಯೇ ಹೊರಿಸಿದರು. ತಿಳಿಯದವರಿಗೆ ಕೇಳುವುದೇ ಮದ್ದು ಎಂದು ಕಲಿಸಿದರು.

ಈ ಹದೀಸ್ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ದವಡೆ ಹಲ್ಲು ಕೀಳಿಸಿಕೊಂಡು, ಬಾಯಿಯ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, ಬಾಯಿ ಮುಕ್ಕಳಿಸದೆ ವುಝೂ ಆಗುತ್ತದೆಯೇ ಎಂಬುದು. ಹಲ್ಲು ಕಿತ್ತ ಗುಣಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ. ಮೊದಲ 24 ಗಂಟೆ ಜೋರಾಗಿ ಮುಕ್ಕಳಿಸಿದರೆ, ಉಗುಳಿದರೆ, ಸ್ಟ್ರಾ ಹಾಕಿ ಹೀರಿದರೆ, ಬೀಡಿ ಸೇದಿದರೆ ಅದು ಕಿತ್ತುಬರುತ್ತದೆ. ಆಮೇಲೆ ಎಲುಬು ತೆರೆದುಕೊಂಡು, ಎರಡು ಮೂರು ದಿನಗಳಲ್ಲಿ ಕಿವಿಯವರೆಗೆ ಹಬ್ಬುವ ನೋವು ಶುರುವಾಗುತ್ತದೆ.

ಹನಫಿ ಮತ್ತು ಶಾಫಿಈ ಮದ್‌ಹಬ್‌ಗಳಲ್ಲಿ ವುಝೂವಿನಲ್ಲಿ ಬಾಯಿ ಮುಕ್ಕಳಿಸುವುದು ಸುನ್ನತ್, ಫರ್ಝ್ ಅಲ್ಲ. ವೈದ್ಯರು ಬೇಡವೆಂದಿದ್ದರೆ ಬಿಟ್ಟುಬಿಡಿ, ವುಝೂ ಪೂರ್ಣ. ಗುಸ್ಲ್‌ನಲ್ಲಿ ಹನಫಿಗಳಿಗೆ ಅದು ಫರ್ಝ್. ಆಗ ನೀರನ್ನು ಮೆಲ್ಲಗೆ ಬಾಯಿಗೆ ತೆಗೆದುಕೊಂಡು ತಾನಾಗಿ ಹೊರಬೀಳಲು ಬಿಡಿ. ಅದೂ ಹಾನಿ ಎಂದು ವೈದ್ಯರು ಹೇಳಿದರೆ ನಿಮ್ಮ ಆಲಿಮರನ್ನು ಕೇಳಿ, ರಿಯಾಯಿತಿ ಇದೆ. ಉಗುಳಿನಲ್ಲಿ ರಕ್ತ ಕಂಡರೆ? ಹನಫಿ ಫಿಕ್ಹ್ ಪ್ರಕಾರ ರಕ್ತವೇ ಹೆಚ್ಚಾಗಿ ಉಗುಳು ಕೆಂಪಾಗಿದ್ದರೆ ವುಝೂ ಮುರಿಯುತ್ತದೆ. ತುಸು ಹಳದಿ ಬಣ್ಣವಷ್ಟೇ ಆದರೆ ಇಲ್ಲ. ಬಗ್ಗಿದರೆ ರಕ್ತ ಒಸರುವಂತಿದ್ದರೆ ಕುಳಿತು ಸನ್ನೆಯಿಂದ ನಮಾಝ್ ಮಾಡಿ. ಇಮ್ರಾನ್ ಬಿನ್ ಹುಸೈನ್(ರ)ರಿಗೆ ಮೂಲವ್ಯಾಧಿ ಇದ್ದಾಗ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ(ಸ)ರು ಹೇಳಿದ್ದು ಬುಖಾರಿಯಲ್ಲಿದೆ. ರಮಝಾನ್ ಆಗಿದ್ದರೆ ರೋಗಿಯು ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡಬಹುದೆಂದು ಸೂರಃ ಅಲ್‌ಬಕರಃ (184-185) ಹೇಳುತ್ತದೆ. ಮಾತ್ರೆ ಬಿಟ್ಟು ಉಪವಾಸ ಹಿಡಿಯುವುದು ಧರ್ಮಶ್ರದ್ಧೆಯಲ್ಲ.

ಇನ್ನು ಮನೆಯವರ ಕೆಲಸ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕೆನ್ನೆಯ ಹೊರಗಿನಿಂದ ಬಿಟ್ಟು ಬಿಟ್ಟು ಇಡಿ. ದಿಂಬು ಎತ್ತರವಿರಲಿ. ಬಿಸಿ, ಖಾರ ಬೇಡ. ಆರಿದ ಗಂಜಿ, ರಾಗಿ ಅಂಬಲಿ, ಮೊಸರು ಸಾಕು. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಹಿಡಿದು ಮೆಲ್ಲಗೆ ಬಿಡಲಿ. ಊತ ಎರಡು ಮೂರು ದಿನ ಹೆಚ್ಚುವುದು ಸಹಜ. ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ, ಕೀವು ಬಂದರೆ, ಮೂರು ದಿನದ ನಂತರವೂ ಊತ ಏರುತ್ತಿದ್ದರೆ ವೈದ್ಯರಲ್ಲಿಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ., ಸೊರಬಕ್ಕೆ ಇನ್ನೂ ದೂರ. ಬೆಳಗಾಗಲಿ ನೋಡೋಣ ಎನ್ನಬೇಡಿ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ದೊಡ್ಡ ಆಪರೇಷನ್ ಆದವರು ಅಲ್ಲಿ ಕೊಟ್ಟ ಚೀಟಿಯಂತೆಯೇ ನಡೆಯಲಿ. ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಿರಲಿ.

ಸಹೋದರರೇ, ಒಂದು ಕಹಿ ಮಾತು. ನಮ್ಮ ಎರಡೂ ತಾಲೂಕುಗಳಲ್ಲಿ ಎಷ್ಟೋ ಮನೆಗಳ ಅನ್ನ ಅಡಿಕೆಯಿಂದ ಬರುತ್ತದೆ. ತೋಟದಲ್ಲಿ ಬೆವರು ಸುರಿಸುವವರನ್ನು ನಾನು ದೂರುತ್ತಿಲ್ಲ. ಆದರೆ ಅಡಿಕೆ ಜಗಿಯುವುದು ತಂಬಾಕು ಇಲ್ಲದೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. 2013ರಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ನಮ್ಮ ಜೇಬುಗಳಿಂದ ಅದು ಹೋಗಿದೆಯೇ? ಬಾಯಿ ಕೊಯ್ಯಿಸಿಕೊಂಡು ಮಲಗಿದವನ ಮುಂದೆ ಎಲೆ ಅಡಿಕೆ ತಟ್ಟೆ ಇಡುವುದು ಆತಿಥ್ಯವಲ್ಲ. ಗಾಯ ಒಣಗಿದ ದಿನವೇ ಮತ್ತೆ ಗುಟ್ಕಾ ಹರಿಯುವುದು ಅಲ್ಲಾಹನ ಅಮಾನತ್ತಿಗೆ ಮಾಡುವ ದ್ರೋಹ.

ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಆದರೆ ಬಾಯಿ ನೊಂದವನನ್ನು ಮಾತಾಡಿಸಿ ದಣಿಸಬೇಡಿ. ದುಆ ಮಾಡಿ, ಐದು ನಿಮಿಷದಲ್ಲಿ ಎದ್ದುಬನ್ನಿ. ಬಂದವರಿಗೆಲ್ಲ ಚಹಾ ಮಾಡುವ ಹೊರೆ ಮನೆಯ ತಾಯಂದಿರ ಮೇಲೆ ಬೀಳದಿರಲಿ. ಪ್ರವಾದಿ(ಸ)ರು ಮನೆಯಲ್ಲಿ ಮನೆಗೆಲಸಕ್ಕೆ ನೆರವಾಗುತ್ತಿದ್ದರೆಂದು ಆಯಿಷಾ(ರ) ಹೇಳಿದ್ದಾರೆ. ಗಂಡುಮಕ್ಕಳೂ ಗಂಜಿ ಕಾಯಿಸಲಿ, ಮಾತ್ರೆಯ ಹೊತ್ತು ನೋಡಿಕೊಳ್ಳಲಿ.

ದೇಹದ ವಿಷಯವನ್ನು ವೈದ್ಯರಲ್ಲಿ, ದೀನಿನ ವಿಷಯವನ್ನು ಆಲಿಮರಲ್ಲಿ ಕೇಳೋಣ. ಗೊತ್ತಿಲ್ಲದ್ದಕ್ಕೆ ನಾವು ಉತ್ತರ ಕೊಡದಿರೋಣ.

ಅಲ್ಲಾಹನು ನಮ್ಮ ರೋಗಿಗಳಿಗೆ ಸಂಪೂರ್ಣ ಶಿಫಾ ದಯಪಾಲಿಸಲಿ, ಅವರ ಆರೈಕೆ ಮಾಡುವವರಿಗೆ ತಾಳ್ಮೆಯನ್ನೂ ಪ್ರತಿಫಲವನ್ನೂ ನೀಡಲಿ. ಆಮೀನ್.