ಗಿರಣಿಗೆ ಕಟ್ಟುಬಿದ್ದ ರೈತರು
(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸರ್ವಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಸ್ಯಾಂಪಲ್ ಹಾಲು ಎಷ್ಟು ತೆಗೆಯಬೇಕೆಂದು ಈಗಷ್ಟೇ ಬಿಸಿ ಚರ್ಚೆ ನಡೆಯಿತು. ಕೇಳುತ್ತ ಕೂತಿದ್ದಾಗ ಸ್ಕಾಟ್ಲೆಂಡಿನ ಹಳೆಯ ಕಾನೂನಿನ ಕೆಲವು ಪದಗಳು ನೆನಪಾದವು. ದನದ ಡಾಕ್ಟರಿಗೆ ಕಾನೂನು ಯಾಕೆ ಎನ್ನಬೇಡಿ, ಅಳತೆಯ ಮಾತು ಎಲ್ಲರಿಗೂ ಸೇರಿದ್ದು.

ಅಲ್ಲಿನ ರೈತರ ಮುಖ್ಯ ಬೆಳೆ ಆ ಕಾಲದಲ್ಲಿ ಓಟ್ಸ್ ಆಗಿತ್ತು. ನಾವು ಹಸಿರು ಮೇವಿಗೆ ಹಾಕುತ್ತೇವಲ್ಲ, ಅದೇ. ಹಿಂದೆ ಅದನ್ನು ಬೀಸಿಸಲು ಗೇಣಿದಾರ ಇಷ್ಟ ಬಂದ ಗಿರಣಿಗೆ ಹೋಗುವಂತಿರಲಿಲ್ಲ. ಅವನ ಜಮೀನು ಯಾವ ನೀರಿನ ಗಿರಣಿಗೆ ಕಟ್ಟುಬಿದ್ದಿದೆಯೋ ಅಲ್ಲಿಗೇ ಹೋಗಬೇಕು. ಈ ಕಟ್ಟುಪಾಡಿಗೆ ಥರ್ಲೇಜ್ ಎಂದು ಹೆಸರು. ಹಾಗೆ ಕಟ್ಟುಬಿದ್ದ ಜಮೀನುಗಳೆಲ್ಲ ಸೇರಿ ಸಕನ್. ಬೀಸಿದ್ದಕ್ಕೆ ಗಿರಣಿಯವರು ಮುರಿದುಕೊಳ್ಳುವ ಪಾಲು ಮಲ್ಚರ್.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಗಿರಣಿಯ ಆಳುಗಳಿಗೆ ನೇವ್‌ಶಿಪ್ ಎಂದು ಒಂದಿಷ್ಟು, ರೊಟ್ಟಿಗೆಂದು ಬ್ಯಾನಕ್, ಅದರ ಮೇಲೆ ಲಾಕ್ ಎಂದು ಒಂದು ಹಿಡಿ, ಇಲ್ಲವೆ ಗೌಪನ್. ಗೌಪನ್ ಎಂದರೆ ಎರಡೂ ಕೈ ಜೋಡಿಸಿದ ನಮ್ಮ ಬೊಗಸೆಯೇ! ಯಾರ ಬೊಗಸೆ ಎಂಬುದರ ಮೇಲೆ ಅಳತೆ ಹೆಚ್ಚು ಕಡಿಮೆಯಾಗುವುದು ನಿಮಗೇ ಗೊತ್ತು.

ಗಿರಣಿ ಕಾಲುವೆಯ ಹೂಳೆತ್ತುವುದು, ಚಾವಣಿಗೆ ಹುಲ್ಲು ಹೊದಿಸುವುದು, ಹೊಸ ಬೀಸುಗಲ್ಲನ್ನು ಉರುಳಿಸಿ ತರುವುದು, ಇವೂ ಗೇಣಿದಾರರ ಬಿಟ್ಟಿ ಕೆಲಸಗಳೇ.

ಕಾಳನ್ನು ಬೇರೆಡೆಗೆ ಒಯ್ದರೆ, ತಪ್ಪಿದ ಮಲ್ಚರಿಗಾಗಿ ದಾವೆ. ಕೆಲವರ ಮೇಲೆ ಡ್ರೈ ಮಲ್ಚರ್ ಎಂಬುದಿತ್ತು. ಬೀಸಿಸಿದರೂ ಬಿಟ್ಟರೂ ಇಂತಿಷ್ಟು ಕೊಡಲೇಬೇಕು. ನನಗೆ ಎಲ್ಲಕ್ಕಿಂತ ಅನ್ಯಾಯವೆಂದು ಕಂಡದ್ದು ಇದು: ಕಟ್ಟುಪಾಡಿಲ್ಲದ ಹೊರಗಿನವನು ಬೀಸಿಸಲು ಬಂದರೆ ಅವನಿಗೆ ದರ ಕಡಿಮೆ. ಅವನು ಮೂಟೆ ಎತ್ತಿಕೊಂಡು ಇನ್ನೊಂದು ಗಿರಣಿಗೆ ಹೋಗಬಲ್ಲ. ತಲೆಮಾರುಗಳಿಂದ ಅಲ್ಲಿಗೇ ಬರುತ್ತಿದ್ದವನಿಗೆ ಹೆಚ್ಚು!

ಇದನ್ನು ವಾರ್ಷಿಕ ಪಾವತಿಗೆ ಬದಲಾಯಿಸಿಕೊಳ್ಳಲು 1799ರ ಕಾಯ್ದೆ ದಾರಿ ಮಾಡಿತು. ಬಳಕೆಯಲ್ಲಿ ಎಂದೋ ಸತ್ತಿದ್ದರೂ ಕಾನೂನಿನಿಂದ ಪೂರ್ತಿ ಅಳಿದದ್ದು 2000ನೇ ಇಸವಿಯ ಕಾಯ್ದೆಯ ಮೂಲಕ, 2004ರ ನವೆಂಬರ್ 28ರಂದು.

ನಮ್ಮ ಸಂಘಕ್ಕೆ ಗಿರಣಿಯ ಹಾಗೆ ಬೇರೆ ಒಡೆಯನಿಲ್ಲ, ಷೇರು ಹಾಕಿದ ನೀವೇ ಒಡೆಯರು. ಸ್ಯಾಂಪಲ್ ಹಾಲನ್ನು ಕೈ ಅಂದಾಜಿನಲ್ಲಿ ತೆಗೆಯದೆ ಅಳತೆಯ ಪಾತ್ರೆಯಲ್ಲೇ ತೆಗೆಯಬೇಕು, ಉಳಿದದ್ದನ್ನು ಮಾರಿದ ಹಣ ಲೆಕ್ಕಪುಸ್ತಕದಲ್ಲಿ ಕಾಣಬೇಕು ಎಂಬುದು ನನ್ನ ಅಭಿಪ್ರಾಯ. ಕಾರ್ಯದರ್ಶಿಗಳು ಇಲ್ಲೇ ಇದ್ದಾರೆ, ಕೇಳಿ. ಆಮೇಲೆ ಕಾಲುಬಾಯಿ ಜ್ವರದ ಲಸಿಕೆಯ ವಿಷಯ ತೆಗೆದುಕೊಳ್ಳೋಣ.